ಹಾಲು ಉಕ್ಕಿದ್ದು ಯಾರ ತಪ್ಪು? ನಾಲ್ಕು ಬರ್ನರಿನ ಗ್ಲಾಸ್ ಟಾಪ್ ಸ್ಟವ್, ಐದು ತಿಂಗಳ ಬಳಕೆಯ ನಂತರ

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ತಕರಾರಿಗೆ ಕೂತರೆ ಅದು ಮರೆತುಹೋಗುತ್ತದೆ.

ಸಾಗರದ ಪೇಟೆಯಲ್ಲಿ 7,400 ರೂಪಾಯಿ ಕೊಟ್ಟು ತಂದ ಸ್ಟವ್. ಕಪ್ಪು ಗಾಜಿನ ಮೇಲ್ಮೈ, ಹಿತ್ತಾಳೆ ಬರ್ನರ್: ಒಂದು ದೊಡ್ಡದು, ಎರಡು ಮಧ್ಯಮ, ಒಂದು ಚಿಕ್ಕದು. ಉರಿ ನೀಲಿ, ಸುತ್ತಲೂ ಒಂದೇ ಸಮ. ಪಾತ್ರೆಯ ತಳ ಮಸಿ ಹಿಡಿದಿಲ್ಲ. ಚಿಕ್ಕ ಬರ್ನರ್ ಸಿಮ್‌ಗೆ ಇಟ್ಟರೆ ಬೆಣ್ಣೆ ಕಾಯಿಸುವಷ್ಟು ಹೊತ್ತೂ ಉರಿ ಆರದೆ ನಿಲ್ಲುತ್ತದೆ. ನಮ್ಮ ಹಳೇ ಸ್ಟವ್‌ನಲ್ಲಿ ಗಾಳಿ ಬೀಸಿದರೆ ಮುಗಿಯಿತು. ಮೇಲಿನ ಸ್ಟ್ಯಾಂಡ್ ಭಾರವಾಗಿದೆ, ದೋಸೆ ಕಾವಲಿ ಅಲ್ಲಾಡುವುದಿಲ್ಲ. ಚೆಲ್ಲಿದ್ದು ಒದ್ದೆ ಬಟ್ಟೆಯಲ್ಲಿ ಒಂದೇ ಸಲ ಒರೆಸಿದರೆ ಹೋಗುತ್ತದೆ. ತಾನೇ ಹೊತ್ತಿಕೊಳ್ಳುವ ಮಾದರಿಯಲ್ಲ, ಲೈಟರ್ ಬೇಕು. ಮುಂದೆ ಇಡ್ಲಿ ಪಾತ್ರೆ ಇಟ್ಟರೆ ಹಿಂದಿನ ಬರ್ನರಿಗೆ ಕೈ ಹಾಕಲು ಜಾಗ ಸಾಲದು. ಇವೆಲ್ಲ ಸಣ್ಣ ಮಾತು. ಇಷ್ಟೇ ಆಗಿದ್ದರೆ ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ.

ಕಂಪನಿ ಹೆಸರು ಬರೆಯುವುದಿಲ್ಲ. ನನ್ನ ತಕರಾರು ಆ ಒಂದು ಕಂಪನಿಯ ಮೇಲಲ್ಲ. ಆಮೇಲೆ ಅಂಗಡಿಗೆ ಹೋಗಿ ನೋಡಿದೆ. ಸಾಲಾಗಿ ಇಟ್ಟಿದ್ದ ನಾಲ್ಕು ಬರ್ನರಿನ ಸ್ಟವ್‌ಗಳಲ್ಲಿ ಎಲ್ಲಕ್ಕೂ ಇದೇ ಜಾಡ್ಯ. ನಾಬ್.

ನಾನು ಮೂವತ್ನಾಲ್ಕು ವರ್ಷ ಒಂದು ಜಲವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಡ್ಯೂಟಿ ಮಾಡಿದವನು. ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಕೇಳಿದರೂ ಯಾವ ಫೀಡರಿನ ಸ್ವಿಚ್ ಪ್ಯಾನೆಲಿನ ಯಾವ ಸಾಲಿನಲ್ಲಿದೆ ಅಂತ ಹೇಳುತ್ತಿದ್ದೆ. ಅಡುಗೆಮನೆ ಮಾತ್ರ ನನ್ನ ಶಿಫ್ಟಿಗೆ ಬಂದದ್ದು ನಿವೃತ್ತಿಯಾದ ಮೇಲೆ, ನನ್ನಾಕೆಯ ಎರಡೂ ಮಂಡಿಯ ಆಪರೇಷನ್ ಆದಾಗ. ಅವಳು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಅಪ್ಪಣೆ ಕೊಡುತ್ತಿದ್ದಳು, ನಾನು ಪಾಲಿಸುತ್ತಿದ್ದೆ. ಹತ್ತೊಂಬತ್ತು ವರ್ಷದ ಹಳೆಯ ಎರಡು ಬರ್ನರಿನ ಸ್ಟವ್‌ನಲ್ಲಿ ನನ್ನ ಅಡುಗೆ ಮುಗಿಯುವ ಹೊತ್ತಿಗೆ ಹನ್ನೊಂದೂವರೆ. ಬೇಗ ಆಗಲಿ ಅಂತಲೇ ನಾಲ್ಕು ಬರ್ನರಿನದು ಬಂತು.

ಹನ್ನೊಂದನೆಯ ದಿನ ಬೆಳಿಗ್ಗೆ, ಬಲಗಡೆ ಹಿಂದೆ ಹಾಲು, ಬಲಗಡೆ ಮುಂದೆ ಕಾವಲಿ. ಹಾಲು ಮೇಲೇರಿ ಬಂತು. ಕೈ ಚಾಚಿ ನಾಬ್ ತಿರುಗಿಸಿದೆ. ಕಾವಲಿಯ ಕೆಳಗಿನ ಉರಿ ಆರಿತು. ಹಾಲು ತನ್ನ ಪಾಡಿಗೆ ತಾನು ಉಕ್ಕಿ ಗಾಜಿನ ಮೇಲೆಲ್ಲ ಹರಿದು ನಾಬಿನ ಸಂದಿಗೂ ಇಳಿಯಿತು. “ಕಣ್ಣು ಎಲ್ಲಿಟ್ಟಿದ್ರಿ?” ಅಂತ ಕುರ್ಚಿಯಿಂದ ಬಂತು. ಇಷ್ಟು ವರ್ಷ ಹಾಲು ಉಕ್ಕಿದಾಗಲೆಲ್ಲ ನಾನು ಪೇಪರಿನ ಹಿಂದಿನಿಂದ ಅವಳಿಗೆ ಕೇಳಿದ್ದ ಪ್ರಶ್ನೆ. ಧಾಟಿ ಕೂಡ ನನ್ನದೇ.

ಕಣ್ಣು ಹಾಲಿನ ಮೇಲೇ ಇತ್ತು. ಅದೇ ತೊಂದರೆ. ಬರ್ನರ್‌ಗಳು ಚೌಕದ ನಾಲ್ಕು ಮೂಲೆಯಲ್ಲಿವೆ, ನಾಬ್‌ಗಳು ಮುಂದೆ ಒಂದೇ ಗೆರೆಯಲ್ಲಿ. ಎಡದಿಂದ ಮೊದಲನೆಯದು ಎಡ ಹಿಂದಿನದಕ್ಕೆ, ಎರಡನೆಯದು ಎಡ ಮುಂದಿನದಕ್ಕೆ, ಮೂರನೆಯದು ಬಲ ಮುಂದಿನದಕ್ಕೆ, ನಾಲ್ಕನೆಯದು ಬಲ ಹಿಂದಿನದಕ್ಕೆ. ಎಡಗಡೆ ಹಿಂದೆ-ಮುಂದೆ, ಬಲಗಡೆ ಮುಂದೆ-ಹಿಂದೆ. ಎಡದ ಜೋಡಿ ಕಲಿತ ಕೈ ಬಲದಲ್ಲೂ ಅದೇ ಲೆಕ್ಕ ಹಿಡಿಯಿತು. ಯಾವುದು ಯಾವುದಕ್ಕೆ ಅಂತ ತೋರಿಸಲು ಪ್ರತಿ ನಾಬಿನ ಮೇಲೆ ಸಾಸಿವೆ ಗಾತ್ರದ ನಾಲ್ಕು ಚುಕ್ಕಿ ಅಚ್ಚು ಹಾಕಿದ್ದಾರೆ, ಒಂದು ತುಂಬಿದ್ದು, ಮೂರು ಖಾಲಿ. ಕನ್ನಡಕ ಹಾಕಿ ಬಗ್ಗಿ ನೋಡಿದರೆ ಕಾಣುತ್ತದೆ. ಒಗ್ಗರಣೆ ಸಿಡಿಯುವಾಗ ಯಾರು ಬಗ್ಗುತ್ತಾರೆ? ಎರಡು ತಿಂಗಳಾಗುವಷ್ಟರಲ್ಲಿ ಉಜ್ಜಿ ಉಜ್ಜಿ ಎರಡು ನಾಬಿನ ಚುಕ್ಕಿ ಮಾಸಿಯೂ ಹೋಯಿತು.

ಹಾಲು ಹೋದರೆ ಹೋಗಲಿ. ಇನ್ನೊಂದು ದಿನ ಎಡ ಮುಂದಿನ ಬರ್ನರಿಗೆ ಲೈಟರ್ ಹಿಡಿದು ಟಕ್ ಟಕ್ ಅನ್ನಿಸುತ್ತಿದ್ದೇನೆ, ಹೊತ್ತುತ್ತಿಲ್ಲ. ಮೂಗಿಗೆ ವಾಸನೆ ಹೊಡೆದ ಮೇಲೆ ಗೊತ್ತಾಯಿತು, ತೆರೆದದ್ದು ಹಿಂದಿನದರ ನಾಬ್. ಗ್ಯಾಸು ಕುಕ್ಕರಿನ ಅಡಿಯಲ್ಲಿ ತುಂಬುತ್ತಿತ್ತು, ಕಿಡಿ ಮುಂದೆ ಹಾರುತ್ತಿತ್ತು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹಿತ್ತಿಲಿಗೆ ಹೋಗಿ ಕೂತೆ. ಕಾಲು ಸ್ವಲ್ಪ ಹೊತ್ತು ನಡುಗುತ್ತಿತ್ತು.

ಸಂಜೆ ಬೆಂಗಳೂರಿನಿಂದ ಮಗಳ ಫೋನ್ ಬಂದಾಗ ಹೇಳಿದೆ. ಅವಳು ನಕ್ಕು, “ಅಪ್ಪಾ, ನೀನು ನಾರ್ಮನ್ ಒಲೆ ತಂದಿದೀಯ” ಅಂದಳು. ಅದು ಕಂಪನಿ ಹೆಸರೇ ಅಂದುಕೊಂಡು ಬಿಲ್ಲು ಹುಡುಕಲು ಎದ್ದೆ.

ಮಗಳ ಕೆಲಸ ಯುಎಕ್ಸ್ ಡಿಸೈನರ್, ಅಂದರೆ ಆಪ್, ವೆಬ್‌ಸೈಟುಗಳನ್ನು ಬಳಸುವವರಿಗೆ ತೊಡಕಾಗದಂತೆ ರೂಪಿಸುವುದು. ಗಂಡಿನ ಕಡೆಯವರಿಗೆ ಇದನ್ನು ವಿವರಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. “ಕಂಪ್ಯೂಟರಿನಲ್ಲಿ ಡಿಸೈನ್” ಅಂದರೆ ಒಬ್ಬರು “ಸೀರೆದಾ?” ಅಂತ ಕೇಳಿದ್ದರು. ಆ ಕೆಲಸಕ್ಕೆ ಆ ಹೆಸರು ಬರಲು ಕಾರಣನಾದ ಮನುಷ್ಯನೇ ಈ ನಾರ್ಮನ್. ಮುಂದಿನ ವಾರ ಬಂದವಳು ಅವರ ಪುಸ್ತಕ ತಂದುಕೊಟ್ಟಳು: ‘ದಿ ಡಿಸೈನ್ ಆಫ್ ಎವ್ರಿಡೇ ಥಿಂಗ್ಸ್’. ಮುಖಪುಟದ ಮೇಲೊಂದು ಪಾತ್ರೆಯ ಚಿತ್ರ, ಹಿಡಿಕೆಯೂ ಕೊಕ್ಕೂ ಒಂದೇ ಬದಿಗೆ. ಫ್ರಾನ್ಸಿನ ಕಲಾವಿದ ಜಾಕ್ ಕಾರೆಲ್ಮನ್ ತಮಾಷೆಗೆ ಮಾಡಿದ ಕಾಫಿ ಪಾತ್ರೆಯಂತೆ. ನನ್ನಾಕೆ ನೋಡಿ, “ಬಗ್ಗಿಸಿದ್ರೆ ಕೈ ಮೇಲೇ ಬೀಳತ್ತಲ್ರೀ” ಅಂದಳು. ಪುಸ್ತಕದ ಅರ್ಧ ತಿರುಳು ಅಷ್ಟೇ. ಉಳಿದರ್ಧಕ್ಕೆ ನನಗೆ ಒಂದೂವರೆ ತಿಂಗಳು ಹಿಡಿಯಿತು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು.

ಡೊನಾಲ್ಡ್ ನಾರ್ಮನ್ ಹುಟ್ಟಿದ್ದು 1935ರ ಡಿಸೆಂಬರ್ 25ರಂದು. ಮೂಲತಃ ನನ್ನ ಹಾಗೆ ಎಲೆಕ್ಟ್ರಿಕಲ್ ಮನುಷ್ಯ. ನನ್ನದು ಡಿಪ್ಲೊಮಾ, ಅವರದು 1957ರ ಎಂಐಟಿ ಪದವಿ, ಅಷ್ಟೇ ವ್ಯತ್ಯಾಸ. ಅಲ್ಲಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ 1962ರಲ್ಲಿ ಗಣಿತದ ದಾರಿಯ ಮನೋವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದರು. ಆಗ ಅಮೆರಿಕದ ಮನೋವಿಜ್ಞಾನದಲ್ಲಿ ಹಳಬರದ್ದೊಂದು ಹಟವಿತ್ತು: ಮನಸ್ಸು ಮುಚ್ಚಿದ ಡಬ್ಬಿ, ಒಳಗೇನಿದೆ ಅಂತ ಕೇಳಬೇಡಿ, ಹೊರಗಿನ ಪ್ರಚೋದನೆ ಮತ್ತು ಪ್ರತಿಕ್ರಿಯೆ ಎರಡನ್ನೇ ಅಳೆಯಿರಿ. ಆ ಡಬ್ಬಿಯ ಮುಚ್ಚಳ ತೆಗೆಯಲು ಹೊರಟವರಲ್ಲಿ ಹಾರ್ವರ್ಡಿನ ಜಾರ್ಜ್ ಮಿಲ್ಲರ್ ಮತ್ತು ಜೆರೋಮ್ ಬ್ರೂನರ್ ಮುಂದಿದ್ದರು. 1960ರಲ್ಲಿ ಅವರು ಕಟ್ಟಿದ ಅರಿವಿನ ಅಧ್ಯಯನ ಕೇಂದ್ರಕ್ಕೇ ನಾರ್ಮನ್ ಸೇರಿದ್ದು.

ಅಲ್ಲಿದ್ದಾಗ ನ್ಯಾನ್ಸಿ ವಾ ಅವರ ಜತೆ ಮಾಡಿದ ಒಂದು ಪ್ರಯೋಗ 1965ರಲ್ಲಿ ಪ್ರಕಟವಾಯಿತು. ಹದಿನಾರು ಅಂಕಿ ಓದಿ ಹೇಳುತ್ತಾರೆ, ಕೊನೆಯದು ಮೊದಲೊಮ್ಮೆ ಬಂದಿದ್ದ ಅಂಕಿಯೇ. ಆಗ ಅದರ ಮುಂದೆ ಬಂದಿದ್ದು ಯಾವುದು ಅಂತ ಹೇಳಬೇಕು. ಒಮ್ಮೆ ಸೆಕೆಂಡಿಗೆ ಒಂದರಂತೆ ಓದಿದರು, ಒಮ್ಮೆ ಸೆಕೆಂಡಿಗೆ ನಾಲ್ಕರಂತೆ. ಮರೆವು ಕಾಲ ಸರಿದಂತೆ ತಾನಾಗಿ ಬರುವುದಾದರೆ ನಿಧಾನವಾಗಿ ಓದಿದಾಗ ಹೆಚ್ಚು ಮರೆಯಬೇಕಿತ್ತು. ಹಾಗಾಗಲಿಲ್ಲ. ಎಷ್ಟು ಸೆಕೆಂಡು ಕಳೆಯಿತು ಅನ್ನುವುದಕ್ಕಿಂತ ನಡುವೆ ಎಷ್ಟು ಅಂಕಿ ತೂರಿಕೊಂಡವು ಅನ್ನುವುದೇ ಮುಖ್ಯವಾಗಿತ್ತು. ನನಗೆ ಇದು ಕೂಡಲೇ ಅರ್ಥವಾಯಿತು. ಕುಕ್ಕರಿನ ಸೀಟಿ ಎಣಿಸುತ್ತಿರುವಾಗ ಯಾರೂ ಮಾತಾಡಿಸದಿದ್ದರೆ ಹತ್ತು ನಿಮಿಷವಾದರೂ ಲೆಕ್ಕ ತಪ್ಪದು. ಹಾಲಿನವನು ಬಂದು “ನಾಳೆ ಒಂದ್ ಲೀಟರಾ, ಒಂದೂವರೆನಾ?” ಅಂದರೆ ಎರಡೋ ಮೂರೋ ಅಲ್ಲೇ ಹೋಯಿತು.

1966ರಲ್ಲಿ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಗೆ ಬಂದರು. ಅಲ್ಲಿ ಪೀಟರ್ ಲಿಂಡ್ಸೆ, ಡೇವಿಡ್ ರುಮೆಲ್ಹಾರ್ಟ್ ಜತೆ ಕಟ್ಟಿದ ತಂಡದ ಕಥೆ ದೊಡ್ಡದು, ನಾನು ಓಡಿಸಿಕೊಂಡು ಓದಿದೆ. ಒಂದು ವಿಷಯ ಮಾತ್ರ ಹೇಳಬೇಕು. ಈಗ ಎಲ್ಲರ ಬಾಯಲ್ಲಿರುವ ಎಐ ಇದೆಯಲ್ಲ, ಅದರ ಬೇರಿನಲ್ಲಿರುವ ಹೆಸರುಗಳಲ್ಲಿ ಒಂದಾದ, 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜೆಫ್ರಿ ಹಿಂಟನ್, ಎಳೆ ವಯಸ್ಸಿನಲ್ಲಿ ಬಂದು ಕೆಲಸ ಮಾಡಿದ್ದು ನಾರ್ಮನ್ ಮತ್ತು ರುಮೆಲ್ಹಾರ್ಟ್ ಹತ್ತಿರ. ಮುಂದೆ ಅದೇ ಸ್ಯಾನ್ ಡಿಯೇಗೊದಲ್ಲಿ ಕಾಗ್ನಿಟಿವ್ ಸೈನ್ಸ್‌ಗೇ (ಅರಿವಿನ ವಿಜ್ಞಾನ) ಪ್ರತ್ಯೇಕ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ನಾರ್ಮನ್ನೇ. ಜಗತ್ತಿನಲ್ಲಿ ಅಂಥ ವಿಭಾಗ ಅದೇ ಮೊದಲು.

ನನಗೆ ಇಷ್ಟವಾದದ್ದು ಅವರ ಇನ್ನೊಂದು ಚಾಳಿ. ತಮ್ಮವೂ ಬೇರೆಯವರವೂ ಸಣ್ಣಪುಟ್ಟ ಎಡವಟ್ಟುಗಳನ್ನು ಕೂಡಿಹಾಕುವುದು. 1981ರಲ್ಲಿ ಅವನ್ನೆಲ್ಲ ವಿಂಗಡಿಸಿ ದೊಡ್ಡ ಲೇಖನ ಬರೆದರು. ಓಡಿ ಬಂದು ಬೆವೆತ ಅಂಗಿ ಬಿಚ್ಚಿ ಒಗೆಯುವ ಬುಟ್ಟಿಗೆ ಹಾಕುವ ಬದಲು ಕಮೋಡಿಗೆ ಎಸೆದವನು ಅವರ ಹಳೆಯ ವಿದ್ಯಾರ್ಥಿ. ಅವರ ಲೆಕ್ಕದಲ್ಲಿ ತಪ್ಪು ಎರಡು ಬಗೆ. ಉದ್ದೇಶ ಸರಿಯಿದ್ದು ಕೈ ತಪ್ಪುವುದು ಒಂದು, ಉದ್ದೇಶವೇ ತಪ್ಪಾಗಿರುವುದು ಇನ್ನೊಂದು. ಮೊದಲನೆಯದು ಪಳಗಿದವರಿಗೇ ಹೆಚ್ಚು, ಯಾಕೆಂದರೆ ಅವರ ಕೈ ತಲೆಯನ್ನು ಕೇಳುವುದಿಲ್ಲ.

ನಾನೂ ಒಂದು ಲಾಗ್‌ಬುಕ್ ತೆರೆದೆ. ಹಳೇ ಅಭ್ಯಾಸ, ದಿನಾಂಕ, ಸಮಯ, ಘಟನೆ, ಸಹಿ. ಕಾಫಿ ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಬೇಕಾದ ಪುಡಿ ಕೆಳಗಿನದಕ್ಕೆ ಹಾಕಿದ್ದು: ಎರಡು ವಸ್ತು ಒಂದೇ ತರ ಇದ್ದಾಗ ಆಗುವ ತಪ್ಪು. ಕೊತ್ತಂಬರಿ ಸೊಪ್ಪಿಗೆ ಅಂತ ಹೊರಟು ಹಾಲಿನ ಬೂತಿನ ಮುಂದೆ ನಿಂತದ್ದು: ರೂಢಿಯ ದಾರಿ ಹೊಸ ದಾರಿಯನ್ನು ನುಂಗಿದ್ದು. ಸ್ಟವ್‌ನ ತಪ್ಪು ನಾಬ್, ಮೊದಲ ತಿಂಗಳು: ನನ್ನದು ಹತ್ತೊಂಬತ್ತು, ಎದ್ದು ಓಡಾಡಲು ಶುರುಮಾಡಿದ ಎರಡೇ ವಾರದಲ್ಲಿ ಅವಳದು ಎಂಟು. ಎಂಟನ್ನು ಬರೆಯಲು ಅವಳು ಬಿಟ್ಟದ್ದು ಪುಸ್ತಕದ ಕಥೆ ಹೇಳಿದ ಮೇಲೆ.

ಪುಸ್ತಕದಲ್ಲಿ ನನ್ನನ್ನು ಹಿಡಿದು ಕೂರಿಸಿದ ಭಾಗ ಒಲೆಯದಲ್ಲ, ತ್ರೀ ಮೈಲ್ ಐಲೆಂಡಿನದು. 1979ರ ಮಾರ್ಚ್ 28, ನಸುಕು, ಪೆನ್ಸಿಲ್ವೇನಿಯಾದ ಅಣುಸ್ಥಾವರ. ಒಂದು ಕವಾಟ ತೆರೆದುಕೊಂಡು ಮುಚ್ಚಬೇಕಾಗಿದ್ದದ್ದು ಮುಚ್ಚದೆ ಸಿಕ್ಕಿಕೊಂಡಿತು. ಪ್ಯಾನೆಲಿನ ಮೇಲಿನ ದೀಪ ಆರಿತ್ತು. ಕವಾಟ ಮುಚ್ಚಿದೆ ಅಂತ ಆಪರೇಟರುಗಳು ತಿಳಿದರು. ಆದರೆ ಆ ದೀಪ ತೋರಿಸುತ್ತಿದ್ದದ್ದು ಕವಾಟದ ಸ್ಥಿತಿಯನ್ನಲ್ಲ, ಮುಚ್ಚು ಅಂತ ಆಜ್ಞೆ ಹೋಗಿದೆ ಅನ್ನುವುದನ್ನು ಮಾತ್ರ. ಸೋರಿಕೆ ತಿಳಿಯಬಹುದಾಗಿದ್ದ ಮೀಟರು ಪ್ಯಾನೆಲಿನ ಹಿಂಬದಿಯಲ್ಲಿತ್ತು. ಮೊದಲ ಕೆಲವೇ ನಿಮಿಷದಲ್ಲಿ ನೂರಕ್ಕೂ ಹೆಚ್ಚು ಅಲಾರಂ ಕೂಗಿದವು. ನೀರು ಜಾಸ್ತಿಯಾಗಿದೆ ಎಂದುಕೊಂಡು ಸ್ಥಾವರವನ್ನು ತಣ್ಣಗಿಡುವ ತುರ್ತು ನೀರನ್ನೇ ತಗ್ಗಿಸಿದರು. ಕವಾಟ ತೆರೆದೇ ಇದೆ ಅಂತ ತಿಳಿಯಲು ಎರಡು ಗಂಟೆಗೂ ಮೇಲಾಯಿತು.

ಆಪರೇಟರುಗಳು ಹೀಗೇಕೆ ಮಾಡಿದರು ಅಂತ ನೋಡಲು ಕರೆಸಿದವರಲ್ಲಿ ನಾರ್ಮನ್ ಒಬ್ಬರು. ಆ ಕಂಟ್ರೋಲ್ ರೂಮು ನೋಡಿ ಅವರಿಗೆ ಅನಿಸಿದ್ದಿಷ್ಟು: ತಪ್ಪು ಮಾಡಿಸಲೆಂದೇ ಕಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಕಟ್ಟಲಾಗುತ್ತಿರಲಿಲ್ಲ. ಜನರನ್ನು ದೂರುವುದು ಬಿಟ್ಟು ಪ್ಯಾನೆಲನ್ನು ನೋಡಿ. ಪ್ರಯೋಗಾಲಯದ ಅಂಕಿ-ಅಕ್ಷರಗಳಿಂದ ಸ್ವಿಚ್ಚು, ಬಾಗಿಲು, ನಲ್ಲಿಗಳ ಕಡೆ ಅವರು ತಿರುಗಿದ್ದು ಇಂಥ ಅಪಘಾತಗಳ ದಾರಿಯಲ್ಲೇ.

ಇಲ್ಲಿ ಪುಸ್ತಕ ಮಡಚಿಟ್ಟೆ. ತೊಂಬತ್ತರ ದಶಕದ ಒಂದು ರಾತ್ರಿ ಪಾಳಿ. ನಾನು ಶಿಫ್ಟ್ ಇನ್‌ಚಾರ್ಜ್. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರದ ಹುಡುಗನೊಬ್ಬನಿಗೆ ರಿಪೇರಿಗಾಗಿ ಒಂದು ಲೈನ್ ಟ್ರಿಪ್ ಮಾಡಲು ಹೇಳಿದೆ. ಅವನು ಪಕ್ಕದ ಲೈನನ್ನು ಬಂದ್-ಚಾಲೂ ಮಾಡುವ ಟಿಎನ್‌ಸಿ ಸ್ವಿಚ್ ತಿರುಗಿಸಿದ. ಒಂದೇ ಅಳತೆಯ, ಒಂದೇ ಕಪ್ಪು ಹಿಡಿಕೆಯ ಸ್ವಿಚ್‌ಗಳು, ಅಂಗೈ ಅಗಲದ ಅಂತರ, ಕೆಳಗೆ ಮಾಸಿದ ಹೆಸರಿನ ತಗಡು. ಎರಡು ತಾಲ್ಲೂಕು ಕತ್ತಲಾದವು. ಇಪ್ಪತ್ತು ನಿಮಿಷದಲ್ಲಿ ಸರಿಹೋಯಿತು. ರಿಪೋರ್ಟಿನಲ್ಲಿ ಕಾರಣದ ಕಾಲಂ ಇತ್ತು. ‘ಆಪರೇಟರನ ಅಜಾಗರೂಕತೆ’ ಅಂತ ಬರೆದು ನಾನೇ ಸಹಿ ಹಾಕಿದೆ. ಅವನ ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಅದಾದ ಮೇಲೆ ನಾವು ಆ ಸ್ವಿಚ್ಚಿಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದೆವು, ಅಂದರೆ ಕಾರಣ ಏನೆಂದು ನಮಗೂ ಗೊತ್ತಿತ್ತು. ತಪಾಸಣೆಗೆ ಬಂದ ಸಾಹೇಬರು ಪ್ಯಾನೆಲಿನ ಅಂದ ಕೆಡುತ್ತದೆ ಅಂತ ಟೇಪ್ ಕೀಳಿಸಿದರು.

ನಾರ್ಮನ್ ಪುಸ್ತಕದಲ್ಲಿ ಅಮೆರಿಕದ ಒಂದು ಅಣುಸ್ಥಾವರದ ಚಿತ್ರವಿದೆ. ಒಂದೇ ತರದ ಎರಡು ಹಿಡಿಕೆಗಳು ಗೊಂದಲ ಮಾಡುತ್ತವೆ ಅಂತ ಅಲ್ಲಿನ ಆಪರೇಟರುಗಳು ಅವಕ್ಕೆ ಬೇರೆ ಬೇರೆ ಬಿಯರ್ ನಲ್ಲಿಯ ಹಿಡಿಕೆ ಸಿಕ್ಕಿಸಿದ್ದಾರೆ. ನಮ್ಮ ಕೆಂಪು ಟೇಪಿನ ಬಂಧುಗಳು. ಹುಡುಗನ, ಈಗ ಅವನಿಗೂ ಐವತ್ತು ದಾಟಿರಬೇಕು, ನಂಬರ್ ಹುಡುಕಿಟ್ಟುಕೊಂಡಿದ್ದೇನೆ. ಇನ್ನೂ ಮಾಡಿಲ್ಲ.

ಒಲೆಗೆ ಬರೋಣ. ನಾಲ್ಕು ನಾಬು ನಾಲ್ಕು ಬರ್ನರಿಗೆ ಹೊಂದಿಸಲು 24 ದಾರಿ ಇವೆ. ಒಂದೇ ಗೆರೆಯಲ್ಲಿ ನಾಬಿಟ್ಟು ಚೌಕದಲ್ಲಿ ಬರ್ನರಿಟ್ಟರೆ ಯಾವ ದಾರಿ ಅಂತ ಕಣ್ಣು ಹೇಳಲಾರದು, ನೆನಪೇ ಹೇಳಬೇಕು. ಇದನ್ನು ನಾರ್ಮನ್‌ಗಿಂತ ಮೊದಲೇ ಅಳೆದವರಿದ್ದಾರೆ. ಆಲ್ಫಾನ್ಸ್ ಚಪಾನಿಸ್, ಎರಡನೇ ಮಹಾಯುದ್ಧದ ಕಾಲದ ಮನೋವಿಜ್ಞಾನಿ. ಬಿ-17 ಬಾಂಬರ್ ವಿಮಾನದ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಎತ್ತುವ ಬದಲು ಚಕ್ರವನ್ನೇ ಮಡಚುತ್ತಿದ್ದರು. ಎರಡರ ಸ್ವಿಚ್ಚೂ ಅಕ್ಕಪಕ್ಕ, ಒಂದೇ ತರ. ಚಪಾನಿಸ್ ಒಂದಕ್ಕೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಅಂಟಿಸಿದರು. ಆ ತಪ್ಪು ನಿಂತಿತು. ಅದೇ ಮನುಷ್ಯ 1959ರಲ್ಲಿ ಇನ್ನೊಬ್ಬರ ಜತೆ ಸೇರಿ ನಾಲ್ಕು ಬಗೆಯ ಒಲೆ ಜೋಡಣೆಯನ್ನು ಒಂದೊಂದಕ್ಕೂ 1,200 ಸಲದಂತೆ ಪರೀಕ್ಷಿಸಿದರು. ಚೌಕದ ಮೂರು ಜೋಡಣೆಗಳಲ್ಲಿ 76, 116, 129 ತಪ್ಪು. ಹಿಂದಿನ ಬರ್ನರ್‌ಗಳನ್ನು ಮುಂದಿನವಕ್ಕಿಂತ ತುಸು ಬದಿಗೆ ಸರಿಸಿ, ನಾಬಿನಿಂದ ನೇರ ನೋಡಿದರೆ ಅದರದೇ ಬರ್ನರ್ ಕಾಣುವಂತೆ ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ.

1959! ನನ್ನ ಸ್ಟವ್ ಕಳೆದ ವರ್ಷ ತಯಾರಾದದ್ದು.

ನಾರ್ಮನ್ ಇದಕ್ಕೆ ಸಹಜ ಹೊಂದಾಣಿಕೆ ಅನ್ನುವ ಅರ್ಥದ ಹೆಸರು ಕೊಟ್ಟು, ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಬರೆದರು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದಾಗ ಅಲ್ಲಿನ ಸ್ವಿಚ್ಚು, ನಲ್ಲಿ, ಬಾಗಿಲುಗಳ ಜತೆ ಗುದ್ದಾಡಿ ಬೇಸತ್ತು ಶುರುಮಾಡಿದ ಪುಸ್ತಕ ಇದು. 1988ರಲ್ಲಿ ಬಂದಾಗ ಹೆಸರಿನಲ್ಲಿ ‘ಡಿಸೈನ್’ ಬದಲು ‘ಸೈಕಾಲಜಿ’ ಅಂತಿತ್ತು. ಅಂಗಡಿಯವರು ಅದನ್ನು ಮನೋವಿಜ್ಞಾನದ ಕಪಾಟಿನಲ್ಲಿಟ್ಟರು, ಓದಬೇಕಾದ ವಿನ್ಯಾಸಕಾರರು ಆ ಕಪಾಟಿನ ಕಡೆ ಹೋಗಲಿಲ್ಲ. ಆಮೇಲೆ ಹೆಸರು ಬದಲಾಯಿತು. ವಸ್ತುವಿಗೆ ತಪ್ಪು ಚೀಟಿ ಅಂಟಿಸಿದರೆ ಏನಾಗುತ್ತದೆ ಅಂತ ಬರೆದವರಿಗೇ ಹೀಗಾಯಿತು ನೋಡಿ. ಎಳೆಯಬೇಕೋ ತಳ್ಳಬೇಕೋ ತಿಳಿಯದ ಬಾಗಿಲಿಗೆ ಇವತ್ತು ಜಗತ್ತಿನಾದ್ಯಂತ ವಿನ್ಯಾಸಕಾರರು ‘ನಾರ್ಮನ್ ಡೋರ್’ ಅನ್ನುತ್ತಾರೆ. ನಮ್ಮೂರಿನ ಒಂದು ಬ್ಯಾಂಕಿನಲ್ಲೂ ಇದೆ. ತಳ್ಳಬೇಕಾದ ಗಾಜಿನ ಬಾಗಿಲಿಗೆ ಎಳೆಯುವ ಹಿಡಿಕೆ. ಅದಕ್ಕೇ ‘ತಳ್ಳಿರಿ’ ಅಂತ ಕಾಗದ, ಅದರ ಕೆಳಗೆ ಬಾಣ, ಇಷ್ಟಿದ್ದೂ ವಾಚ್‌ಮನ್ ಹೇಳಬೇಕು.

1993ರಲ್ಲಿ ಆಪಲ್ ಕಂಪನಿಗೆ ಹೋದಾಗ ಅವರು ತಮ್ಮ ಹುದ್ದೆಯಲ್ಲಿ ಬಳಕೆದಾರರ ಅನುಭವ ಅನ್ನುವ ಮಾತನ್ನು ಸೇರಿಸಿಕೊಂಡರು. ನನ್ನ ಮಗಳ ಚೀಟಿಯ ಮೇಲಿರುವ ಯುಎಕ್ಸ್ ಅದೇ. 1998ರಲ್ಲಿ ಜೇಕಬ್ ನೀಲ್ಸನ್ ಜತೆ ಸಲಹಾ ಕಂಪನಿ ಶುರುಮಾಡಿದರು, ಪುಸ್ತಕವನ್ನು 2013ರಲ್ಲಿ ತಿದ್ದಿ ಬರೆದರು. ತೊಂಬತ್ತರ ಹತ್ತಿರ ಬಂದಾಗಲೂ, 2023ರಲ್ಲಿ, ಹೊಸ ಪುಸ್ತಕ ತಂದಿದ್ದಾರೆ.

ಪುಸ್ತಕಕ್ಕೂ ನನ್ನ ತಕರಾರಿದೆ. ಹೇಳಿದ್ದನ್ನೇ ಹೇಳುತ್ತಾರೆ. ಅಫೋರ್ಡೆನ್ಸ್ ಅನ್ನುವ ಮಾತನ್ನು ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ ಅವರಿಂದ ಎರವಲು ತಂದು ವಿನ್ಯಾಸಕಾರರ ಕೈಗೆ ಕೊಟ್ಟು, ಅವರು ಅದನ್ನು ಸಿಕ್ಕಸಿಕ್ಕಲ್ಲಿ ಬಳಸಿದ ಮೇಲೆ ನಾನು ಹೇಳಿದ್ದು ಅದಲ್ಲ ಅಂತ ಸಿಗ್ನಿಫೈಯರ್ ಅನ್ನುವ ಇನ್ನೊಂದು ಮಾತು ತಂದರು. ನನ್ನ ಪ್ರಕಾರ ಎರಡೂ ಬೇಡ. ಬಾಗಿಲು ತಳ್ಳಬಹುದಾಗಿರುವುದು ಒಂದು, ತಳ್ಳು ಅಂತ ಅದು ತೋರಿಸಿಕೊಡುವುದು ಇನ್ನೊಂದು. ಹೀಗೆ ಹೇಳಿದ್ದರೆ ನನ್ನ ನಿಘಂಟಿಗೆ ಅಷ್ಟು ಕೆಲಸ ಬೀಳುತ್ತಿರಲಿಲ್ಲ. ಮತ್ತೆ, ಬಳಸುವವರ ತಪ್ಪಲ್ಲ ಅನ್ನುವುದನ್ನು ಅವರ ಭಕ್ತರು ಎಲ್ಲಕ್ಕೂ ಎಳೆಯುತ್ತಾರೆ. ರಾತ್ರಿ ಪಾಳಿಯಲ್ಲಿ ಟೇಬಲ್ಲಿನ ಕೆಳಗೆ ಹಾಸಿಕೊಂಡು ಮಲಗಿದವರನ್ನೂ ನಾನು ನೋಡಿದ್ದೇನೆ, ಅದಕ್ಕೆ ಪ್ಯಾನೆಲ್ ಏನು ಮಾಡೀತು.

ನ್ಯಾಯವಾಗಿ ಹೇಳಬೇಕೆಂದರೆ ಇದೇ ಸ್ಟವ್‌ನಲ್ಲಿ ನಾರ್ಮನ್ ಮೆಚ್ಚುವ ಕೆಲಸವೂ ಇದೆ. ನಾಬನ್ನು ಒತ್ತಿದ ಹೊರತು ತಿರುಗುವುದಿಲ್ಲ, ಹಾಗಾಗಿ ಸೆರಗು ತಾಗಿಯೋ ಮೊಮ್ಮಕ್ಕಳ ಕೈ ತಾಗಿಯೋ ಗ್ಯಾಸ್ ತೆರೆಯದು. ತಿರುಗಿಸಿದ ಕೂಡಲೇ ದೊಡ್ಡ ಉರಿ, ಪೂರ್ತಿ ತಿರುಗಿಸಿ ತಡೆ ಸಿಕ್ಕಲ್ಲಿ ಸಿಮ್. ಕಣ್ಣು ಮುಚ್ಚಿ ಕೊನೆತನಕ ತಿರುಗಿಸಿದರೂ ಉರಿ ಆರುವುದಿಲ್ಲ, ಸಣ್ಣದಾಗಿ ನಿಲ್ಲುತ್ತದೆ. ಇದನ್ನು ಯೋಚಿಸಿದವರು ಯಾರೋ ನಿಜವಾಗಿ ಅಡುಗೆ ಮಾಡಿದ್ದರು. ನಾಬಿನ ಸಾಲು ಜೋಡಿಸಿದವರು ಮಾಡಿರಲಿಲ್ಲ.

ಕೊಳ್ಳುವವರಿಗೆ ನನ್ನ ಸಲಹೆ: ನಾಲ್ಕು ಬೇಕೇ ಬೇಕೆಂದಿಲ್ಲದಿದ್ದರೆ ಮೂರು ಬರ್ನರಿನದು ತಗೊಳ್ಳಿ. ಎಡಕ್ಕೊಂದು, ನಡುವೆ ಹಿಂದಕ್ಕೊಂದು, ಬಲಕ್ಕೊಂದು. ನಾಬೂ ಎಡ, ನಡು, ಬಲ. ಚುಕ್ಕಿ ಬೇಡ, ಕನ್ನಡಕ ಬೇಡ. ಅಂಗಡಿಯಲ್ಲಿ ಇದನ್ನು ಹೇಳಿದರೆ ಹುಡುಗ ನಾಲ್ಕರದ್ದೇ ತೋರಿಸುತ್ತಾನೆ, ಸಾವಿರ ರೂಪಾಯಿ ಹೆಚ್ಚಿನ ವ್ಯಾಪಾರ. ನಾಲ್ಕೇ ಬೇಕೆಂದರೆ ಖಾಲಿ ಪಾತ್ರೆ ನಾಲ್ಕು ಇಡಿಸಿ, ಮಾತಾಡುತ್ತಾ ಮಾತಾಡುತ್ತಾ, ಹಿಂದಿನದನ್ನು ಆರಿಸುವ ಹಾಗೆ ಕೈ ಹಾಕಿ ನೋಡಿ.

ನಾವು ಮಾಡಿಕೊಂಡ ವ್ಯವಸ್ಥೆ ಹೀಗೆ. ಮೊದಲು ನನ್ನಾಕೆ ನಾಬುಗಳಿಗೆ ಬೇರೆ ಬೇರೆ ಬಣ್ಣದ ಸ್ಟಿಕ್ಕರ್ ಬೊಟ್ಟು ಅಂಟಿಸಿದಳು. ಎಣ್ಣೆ ಜಿಡ್ಡಿಗೆ ವಾರದಲ್ಲಿ ಉದುರಿದವು, ಒಂದು ಚಪಾತಿ ಹಿಟ್ಟಿನಲ್ಲಿ ಸಿಕ್ಕಿತು. ಆಮೇಲೆ ಮಗಳ ಹಳೆಯ ನೇಲ್ ಪಾಲಿಶ್ ಬಾಟಲಿಗಳು ಹೊರಬಂದವು. ಹಿಂದಿನ ಎರಡಕ್ಕೆ ಕೆಂಪು, ಮುಂದಿನ ಎರಡಕ್ಕೆ ಬೆಳ್ಳಿ ಬಣ್ಣ. ಲಾಗ್‌ಬುಕ್ಕಿನಲ್ಲಿ ಮುಂದಿನ ತಿಂಗಳ ತಪ್ಪು ಇಬ್ಬರದೂ ಸೇರಿ ಮೂರು.

ಕಳೆದ ತಿಂಗಳು ದೊಡ್ಡ ಬರ್ನರಿನ ಉರಿ ಕುಗ್ಗಿತು. ಸರ್ವೀಸಿನ ಹುಡುಗ ಹೇಳಿದ ದಿನವೇ ಬಂದ, ಜೆಟ್ ಸ್ವಚ್ಛ ಮಾಡಿದ, 250 ರೂಪಾಯಿ ತಗೊಂಡ, ಕೆಲಸ ಅಚ್ಚುಕಟ್ಟು. ಬಣ್ಣ ನೋಡಿ, “ತುಂಬಾ ಮನೇಲಿ ಹಿಂಗೇ ಏನಾದ್ರೂ ಹಚ್ಕೊಂಡಿರ್ತಾರೆ ಸಾರ್” ಅಂದ. ಹೋಗುವ ಮೊದಲು ನಾಲ್ಕೂ ನಾಬ್ ಕಿತ್ತು, ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಸಿಕ್ಕಿಸಿ ಹೋದ. ನಾಲ್ಕೂ ಒಂದೇ ಅಚ್ಚಿನವು, ಯಾವುದು ಎಲ್ಲಿ ಬೇಕಾದರೂ ಕೂರುತ್ತದೆ. ಮಾರನೇ ದಿನ ಬೆಳಿಗ್ಗೆ ಅವಳು ಕೆಂಪು ನಾಬ್ ತಿರುಗಿಸಿದಳು, ಮುಂದಿನ ಕಾವಲಿ ಆರಿತು, ಹಿಂದೆ ಹಾಲು ಉಕ್ಕಿತು.

ಈಗ ನಾಬಿಗೂ ಬಣ್ಣ, ಅದರ ಹಿಂದಿನ ತಗಡಿಗೂ ಬಣ್ಣ. ಬೆಳ್ಳಿ ಬಾಟಲಿ ಖಾಲಿಯಾಗಿದೆ.